ಮೇಷ್ಟ್ರು ಹಗುರಾದ ಪ್ರಸಂಗ

ಮನೆ ಖಾಲಿ ಮಾಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ನಂಬಿದ್ದೆ. ಬೇಡದ್ದನ್ನು ಕೊಡುವುದು, ಬೇಕಾದ್ದನ್ನು ಕಟ್ಟುವುದು, ಬಾಗಿಲಿಗೆ ಬೀಗ ಜಡಿಯುವುದು. ಅಷ್ಟೇ! ಶನಿವಾರಸಂತೆಯ ಅರ್ಧ ಊರಿಗೆ ಗಣಿತ ಕಲಿಸಿದವನಿಗೆ ಕಳೆಯುವ ಲೆಕ್ಕ ಬರುವುದಿಲ್ಲವೇ?

ಸಂಗತಿ ಇಷ್ಟು. ನಾನು ಪಾಠ ಮಾಡುತ್ತಿದ್ದ ಖಾಸಗಿ ಶಾಲೆ ಮಕ್ಕಳು ಸಾಲದೆ ಮುಚ್ಚಿಹೋಗಿತ್ತು. ಮನೆಯ ಜಗಲಿಯಲ್ಲಿ ಟ್ಯೂಷನ್ ಹೇಳಿಕೊಂಡು ಕೂತಿದ್ದವನಿಗೆ ಮಾಲ್ಡೀವ್ಸ್‌ನ ಒಂದು ಶಾಲೆಯಿಂದ ಗಣಿತದ ಮೇಷ್ಟ್ರಾಗಿ ಬರುವಂತೆ ಕರೆ ಬಂತು. ಐವತ್ತರ ಹೊಸ್ತಿಲಲ್ಲಿ ನಿಂತವನನ್ನು ಸಮುದ್ರದಾಚೆಯಿಂದ ಯಾರೋ ಕರೆಯುತ್ತಾರೆಂದರೆ ಸುಮ್ಮನೆ ಮಾತೇ? ಮೇಲ್ನೋಟಕ್ಕೆ ಗಂಭೀರವಾಗಿ "ನೋಡೋಣ" ಎಂದೆನಾದರೂ ಒಳಗೊಳಗೇ ಕುಣಿದಾಡಿದ್ದೆ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಮತ್ತೆ ಬೋರ್ಡಿನ ಮುಂದೆ ನಿಲ್ಲಬೇಕು, ಮತ್ತೆ ಹತ್ತು ಜನ ಎದ್ದು "ಗುಡ್ ಮಾರ್ನಿಂಗ್ ಸಾರ್" ಅನ್ನಬೇಕು. ಜಗಲಿಯಲ್ಲಿ ಕೂತವನಿಗೆ ಯಾರೂ ಎದ್ದು ನಿಲ್ಲುವುದಿಲ್ಲ.

ನನ್ನ ಹೆಂಡತಿ ಗಿರಿಜ ಸದ್ಯಕ್ಕೆ ಕುಶಾಲನಗರದಲ್ಲಿ ತಮ್ಮನ ಮನೆಯಲ್ಲಿರುವುದು, ಮಾಲ್ಡೀವ್ಸ್‌ನಲ್ಲಿ ನನಗೆ ಮನೆ ಸಿಕ್ಕಿದ ಮೇಲೆ ಬರುವುದು ಎಂದು ತೀರ್ಮಾನವಾಯಿತು. ಹಾಗಾಗಿ ಬಾಡಿಗೆ ಮನೆಯನ್ನು ಪೂರ್ತಿ ತೆರವು ಮಾಡಬೇಕು. ನಾನು ಮೊಬೈಲಿನಲ್ಲಿ ಈ ವಿಷಯದ ಪಂಡಿತರ ಉಪನ್ಯಾಸಗಳನ್ನೆಲ್ಲ ನೋಡಿ ಸಿದ್ಧನಾದೆ.

"ನೋಡು ಗಿರಿಜ, ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿಯಬೇಕು. ಇದು ನಿಜವಾಗಿ ನನಗೆ ಬೇಕೇ ಎಂದು ಮನಸ್ಸನ್ನು ಕೇಳಿಕೊಳ್ಳಬೇಕು. ಬೇಡ ಅಂದರೆ ಮುಲಾಜಿಲ್ಲದೆ ಬಿಡಬೇಕು."

ಗಿರಿಜ ನನ್ನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು.

"ಏನು ಮಾಡ್ತಿದೀಯ?"

"ಕೇಳ್ಕಂತಿದೀನಿ, ಇರಿ."

ಇಂಥ ವಾತಾವರಣದಲ್ಲಿ ಕೆಲಸ ಶುರುವಾಯಿತು. ಮೊದಲ ದಿನವೇ ನನ್ನ ಲೆಕ್ಕ ತಲೆಕೆಳಗಾಯಿತು. ಕಾರಣ, ನಮ್ಮ ಕಡೆಯ ಒಂದು ಅಲಿಖಿತ ಕಾನೂನು. ಪಾತ್ರೆಯನ್ನು ಖಾಲಿ ಕೊಡಬಾರದು, ತಗೊಂಡವರು ಖಾಲಿ ಕೈಯಲ್ಲಿ ಕಳಿಸಬಾರದು! ಇಡ್ಲಿ ಪಾತ್ರೆಯನ್ನು ಕೊಡುವಾಗ ಗಿರಿಜ ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿಯೇ ಕೊಟ್ಟಳು. ಅದನ್ನು ತಗೊಂಡ ಪಕ್ಕದ ಮನೆ ನೀಲಕ್ಕ ಒಂದು ಬುಟ್ಟಿ ಬೆಣ್ಣೆಹಣ್ಣು ಕಳಿಸಿದರು. ಬುಟ್ಟಿಯನ್ನು ಖಾಲಿ ವಾಪಸ್ ಕಳಿಸುವುದು ಹೇಗೆ? ನನ್ನ ಹಳೇ ಗಡಿಯಾರ ಹಾಕಿ ಕಳಿಸಿದೆವು. ಗಡಿಯಾರಕ್ಕೆ ಪ್ರತಿಯಾಗಿ ಎರಡು ಬಾಟಲಿ ಜೇನುತುಪ್ಪ ಬಂತು. ಕುಕ್ಕರ್ ಹೋಯಿತು, ಉಪ್ಪಿನಕಾಯಿ ಬಂತು. ಕುರ್ಚಿ ಹೋಯಿತು, ಕಾಳುಮೆಣಸು ಬಂತು. ಹೆಲ್ಮೆಟ್ ಹೋಯಿತು, ಅದರ ತುಂಬ ಚಕ್ಕುಲಿ ಬಂತು! ಕೂರಲು ಕುರ್ಚಿಯಿಲ್ಲದ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

"ಏನ್ರೀ ಇದು, ಮನೆ ಖಾಲಿ ಮಾಡ್ತಿದೀವಾ, ಅಂಗಡಿ ಇಡ್ತಿದೀವಾ?" ಎಂದಳು ಗಿರಿಜ.

ನನಗೆ ರೇಗಿತು. ಸೊಂಟದ ಮೇಲೆ ಕೈಯಿಟ್ಟು ಒಂದು ಆಜ್ಞೆ ಹೊರಡಿಸಿದೆ. "ಈ ಕ್ಷಣದಿಂದ ಜಾರಿಗೆ ಬರುವಂತೆ, ಅಟ್ಟದ ಮೇಲಿನ ಸಮಸ್ತ ಸಾಮಾನುಗಳನ್ನು, ಯಾರು ಕೇಳಿದರೂ, ನನ್ನನ್ನು ವಿಚಾರಿಸದೆ ಕೊಟ್ಟುಬಿಡತಕ್ಕದ್ದು. ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳತಕ್ಕದ್ದಲ್ಲ. ಯಾರಿಗೆ ಏನು ಕೊಟ್ಟೆ ಎಂದು ನೆನಪೂ ಇಟ್ಟುಕೊಳ್ಳತಕ್ಕದ್ದಲ್ಲ!"

"ಆಮೇಲೆ ಅದೆಲ್ಲಿ, ಇದೆಲ್ಲಿ ಅಂತ ನನ್ನ ಕೇಳ್ಬಾರ್ದು."

"ಕೇಳಿದರೆ ನನ್ನ ಹೆಸರು ಚನ್ನಬಸಪ್ಪನೇ ಅಲ್ಲ!"

ಮರುದಿನ ಶನಿವಾರ, ಸಂತೆಯ ದಿನ. ಸುತ್ತಲಿನ ಜನವೆಲ್ಲ ಊರಲ್ಲೇ ಇರುತ್ತಾರೆಂದು ನನ್ನ ಹಳೇ ವಿದ್ಯಾರ್ಥಿಗಳು ಅಂದೇ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಕೈಗೆ ಮೈಕ್ ಕೊಟ್ಟರು. ಮೈಕ್ ಸಿಕ್ಕಿದ ಮೇಷ್ಟ್ರನ್ನು ತಡೆಯುವವರುಂಟೇ? ಅಪರಿಗ್ರಹದ ಮೇಲೆ ಗಂಟೆಗಟ್ಟಲೆ ಮಾತಾಡಿದೆ. "ಕೊಡುವುದು ದೊಡ್ಡದಲ್ಲ ಬಂಧುಗಳೇ. ಕೊಟ್ಟದ್ದರ ಕಡೆ ತಿರುಗಿ ನೋಡದಿರುವುದು ದೊಡ್ಡದು! ಇವತ್ತು ನನ್ನ ಮನೆಯಿಂದ ನೀವು ಏನೇ ಒಯ್ದಿರಲಿ, ನಾಳೆ ಅದು ನಿಮ್ಮ ಬಾಗಿಲಲ್ಲಿ ಕಂಡರೂ ನನಗೆ ಗುರುತು ಹತ್ತುವುದಿಲ್ಲ." ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಭಾನುವಾರ ಬೆಳಗ್ಗೆ ಕಾಗದಪತ್ರಗಳನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಸೋಮವಾರ ಬೆಂಗಳೂರಿನ ಬಸ್ಸು, ಮಂಗಳವಾರ ವಿಮಾನ. ಟಿಕೆಟ್ ಇದೆ. ಸರ್ಟಿಫಿಕೇಟುಗಳಿವೆ. ಶಾಲೆಯವರ ಪತ್ರ ಇದೆ. ಇನ್ನು ಪಾಸ್‌ಪೋರ್ಟ್. ಸೀದಾ ಹೋಗಿ ಏಣಿ ಹತ್ತಿದೆ.

ಅಟ್ಟ ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು!

ಇಲ್ಲಿ ಒಂದು ವೈಜ್ಞಾನಿಕ ವಿವರಣೆ ಕೊಡಬೇಕು. ನಮ್ಮೂರ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಬೆಲ್ಟು ಹಸಿರಾಗುತ್ತದೆ, ಚಪ್ಪಲಿಯ ಮೇಲೆ ತುಪ್ಪಳ ಬೆಳೆಯುತ್ತದೆ, ಪುಸ್ತಕ ಹಪ್ಪಳದಂತೆ ಮುರುಟುತ್ತದೆ. ಬೇರೆ ಹೆಂಗಸರಂತೆ ಗಿರಿಜಳೂ ಬೀರುವಿನೊಳಗೆ ಒಂದು ಬಲ್ಬು ಉರಿಸಿಟ್ಟು ಬಟ್ಟೆ ಕಾಪಾಡುತ್ತಾಳೆ. ನಾನು ಅದಕ್ಕಿಂತ ಮುಂದೆ ಯೋಚಿಸಿದೆ. ನೀರಿಗೆ ಬಿದ್ದ ಮೊಬೈಲನ್ನು ಜನ ಅಕ್ಕಿಯಲ್ಲಿ ಹುಗಿದಿಡುತ್ತಾರೆ. ಮೊಬೈಲನ್ನೇ ಉಳಿಸುವ ಅಕ್ಕಿ ಪಾಸ್‌ಪೋರ್ಟನ್ನು ಉಳಿಸದೇ? ಮಳೆ ಹಿಡಿದ ದಿನವೇ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅಜ್ಜನ ಕಾಲದ ದೊಡ್ಡ ಹಿತ್ತಾಳೆ ಸೇರಿನಲ್ಲಿ ನಿಲ್ಲಿಸಿ, ಕಂಠದವರೆಗೆ ಅಕ್ಕಿ ಸುರಿದು, ಅಟ್ಟದ ಮೂಲೆಯಲ್ಲಿ ಇಟ್ಟಿದ್ದೆ. ಗಿರಿಜಳಿಗೆ ಹೇಳಿದರೆ ನಗುತ್ತಾಳೆಂದು ಹೇಳಿರಲಿಲ್ಲ.

ಏಣಿಯ ಮೇಲಿಂದಲೇ ಕೇಳಿದೆ. "ಗಿರಿಜಾ... ಆ ಹಿತ್ತಾಳೆ ಸೇರು ಎಲ್ಲಿ?"

ಕೆಳಗಿಂದ ಉತ್ತರ ಬಂತು. "ಯಾರು ನೀವು? ಚನ್ನಬಸಪ್ಪನೋರು ಹಂಗೆಲ್ಲ ಕೇಳಲ್ಲ."

"ತಮಾಷೆ ಸಾಕು ಕಣೇ! ಅದರೊಳಗೆ ಪಾಸ್‌ಪೋರ್ಟ್ ಇದೆ!"

ಅವಳ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. "ಅಯ್ಯೋ ಶಿವನೇ! ಪಾಸ್‌ಪೋರ್ಟ್ ಯಾಕ್ರೀ ಅಕ್ಕಿಲಿ ಇಟ್ರಿ? ಬೇಯಿಸ್ಕಂಡು ತಿನ್ನಕ್ಕಾ?"

"ಖಾಲಿ ಪಾತ್ರೆ ಕೊಡಬಾರದು ಅಂತೀಯ, ಸೇರಲ್ಲಿ ಏನಿದೆ ಅಂತ ನೋಡಬಾರದಿತ್ತಾ?"

"ನೋಡ್ದೆ ಕಣ್ರೀ. ಅಕ್ಕಿ ತುಂಬಿತ್ತು. ಅಬ್ಬ, ಇದೊಂದಕ್ಕೆ ನಾನು ಅಕ್ಕಿ ಹಾಕೋ ಹಂಗಿಲ್ಲ ಅಂತ ಹಂಗೇ ಕೊಟ್ಬುಟ್ಟೆ!"

"ಯಾರಿಗೆ?"

ಗಿರಿಜ ನನ್ನ ಮುಖವನ್ನೇ ನೋಡಿದಳು. ನೆನಪಿಟ್ಟುಕೊಳ್ಳತಕ್ಕದ್ದಲ್ಲ ಎಂದವನು ನಾನೇ. ಸಂತೆ ದಿನದ ಗದ್ದಲದಲ್ಲಿ ಹಿತ್ತಾಳೆ ಸಾಮಾನು ಒಯ್ದವರು ಮೂರು ಮನೆಯವರು: ನೀಲಕ್ಕ, ಹಿಂದಿನ ಬೀದಿಯ ಆಯಿಷಕ್ಕ, ಶುಂಠಿ ಮಂಡಿಯ ಮಲ್ಲಪ್ಪನವರ ಹೆಂಡತಿ ಪಾರ್ವತಕ್ಕ. ಮೂವರೂ ಇನ್ಯಾರ ಕೈಯಲ್ಲೋ ಚೀಲ ಕೊಟ್ಟು ಕಳಿಸಿದ್ದರಿಂದ ಯಾರ ಚೀಲಕ್ಕೆ ಚೊಂಬು, ಯಾರ ಚೀಲಕ್ಕೆ ಸೇರು ಎಂದು ಅವಳಿಗೆ ತಿಳಿಯದು.

"ಫೋನ್ ಮಾಡಿ ಕೇಳ್ಬುಡ್ಲಾ?"

"ಬೇಡ! ನಿನ್ನೆ ತಾನೇ ಮೈಕಲ್ಲಿ ಏನು ಹೇಳಿದ್ದೇನೆ? ಕೊಟ್ಟ ಸೇರನ್ನು ಮೇಷ್ಟ್ರು ಬೆಳಗಾಗುವುದರೊಳಗೆ ವಾಪಸ್ ಕೇಳಿದರು ಅಂತ ಊರೆಲ್ಲ ಆಡಿಕೊಳ್ಳುತ್ತೆ. ನಾನೇ ಹೋಗಿ ನೋಡಿಕೊಂಡು ಬರುತ್ತೇನೆ. ಉಪಾಯವಾಗಿ."

ಒಳಗೆ ಮಾತ್ರ ಭಯ. ಪಾಸ್‌ಪೋರ್ಟ್ ಇಲ್ಲದಿದ್ದರೆ ವಿಮಾನವಿಲ್ಲ. ವಿಮಾನ ತಪ್ಪಿದರೆ ಅವರು ಬೇರೆಯವರನ್ನು ಕರೆದುಕೊಳ್ಳುತ್ತಾರೆ. ಶಾಲು ಹೊದಿಸಿಕೊಂಡ ಮೇಲೆ ಅದೇ ಜಗಲಿಗೆ ಮರಳುವುದು ಹೇಗೆ? ಛತ್ರಿ ಹಿಡಿದು ಓಡಿದೆ.

ನೀಲಕ್ಕನ ಮನೆಗೆ "ಇನ್ನೊಮ್ಮೆ ಹೇಳಿ ಹೋಗೋಣ ಅಂತ ಬಂದೆ" ಎಂದು ನುಗ್ಗಿದೆ. ಪಡಸಾಲೆಯಲ್ಲಿ ಕೂರಿಸಿದರು. ಸೇರು ಇರುವುದು ಅಡುಗೆಮನೆಯಲ್ಲಿ ತಾನೇ?

"ನೀಲಕ್ಕ, ನಿಮ್ಮ ಅಡುಗೆಮನೆಯನ್ನೊಮ್ಮೆ ನೋಡಬೇಕು ಅನ್ನಿಸುತ್ತಿದೆ."

"ಅಡುಗೆಮನೇನಾ?"

"ಎಷ್ಟು ವರ್ಷ ನಿಮ್ಮ ಕೈಯ ಕಾಫಿ ಕುಡಿದಿದ್ದೇನೆ. ಅದು ಹುಟ್ಟಿದ ಜಾಗ ನೋಡದೆ ಹೋಗಲು ಮನಸ್ಸು ಬರುತ್ತಿಲ್ಲ."

ನೀಲಕ್ಕ ಗಳಗಳ ಅತ್ತುಬಿಟ್ಟರು. "ಎಂಥಾ ಮನುಷ್ಯ ಕಣಪ್ಪ ನೀನು!" ಎಂದು ಒಳಗೆ ಕರೆದೊಯ್ದರು. ನಾನು ಒಂದೊಂದೇ ಪಾತ್ರೆಯನ್ನು ಮುಟ್ಟಿ, ಮುಚ್ಚಳ ತೆಗೆದು, ಆಳಕ್ಕೆ ಇಣುಕಿ, ನಿಟ್ಟುಸಿರಿಟ್ಟೆ. ನನ್ನ ನಿಟ್ಟುಸಿರಿಗೆಲ್ಲ ಅವರು ಕಣ್ಣೊರೆಸಿಕೊಂಡರು. ಅಲ್ಲಿದ್ದದ್ದು ನಮ್ಮ ಚೊಂಬು. ಹೊರಡುತ್ತೇನೆ ಅಂದರೆ ಬಿಡುತ್ತಾರೆಯೇ? ಕಡುಬು, ಚಟ್ನಿ, ಮೇಲೊಂದು ಲೋಟ ಕಾಫಿ. ತಿಂದೇ ಏಳಬೇಕಾಯಿತು.

ಆಯಿಷಕ್ಕನ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಮೇಷ್ಟ್ರೆ, ಬನ್ನಿ. ನೀಲಕ್ಕ ಫೋನ್ ಮಾಡಿತ್ತು. ನೀವು ಅಡುಗೆಮನೆ ನೋಡಿ ಅಳುದಂತೆ! ನಾನು ಎಲ್ಲ ಒರೆಸಿ ಇಟ್ಟಿದ್ದೇನೆ, ನೋಡಿ, ನೋಡಿ."

ನೋಡಿದೆ. ಶೆಲ್ಫಿನ ಮೇಲೆ ಹೊಳೆಯುತ್ತಿದ್ದದ್ದು ನಮ್ಮ ಹಿತ್ತಾಳೆ ಕೊಳದಪ್ಪಲೆ. ಸೇರಿಲ್ಲ. ನನಗೆ ನಿಜವಾಗಿಯೇ ಅಳು ಬಂತು.

"ಅಳಬೇಡಿ ಮೇಷ್ಟ್ರೆ. ನಮ್ಮ ಅಣ್ಣನ ಮಗ ಮಾಲ್ಡೀವ್ಸಲ್ಲೇ ಇರುದು. ಅಲ್ಲಿ ಬೆಳಗ್ಗೆ ಮೀನು, ಮಧ್ಯಾಹ್ನ ಮೀನು. ನೀವು ಎಂತ ತಿನ್ನುದು ಅಂತ ನಮಗೇ ಬೇಜಾರು. ಈ ಹಪ್ಪಳ, ಒಣ ಬಾಳೆಹಣ್ಣು ತಕ್ಕೊಂಡು ಹೋಗಿ. ಅರ್ಧ ನಿಮಗೆ, ಅರ್ಧ ಅವನಿಗೆ." ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ, ಕರಿಚಹಾ ಮುಗಿಸದೆ ಬಿಡಲಿಲ್ಲ. ಹೊಟ್ಟೆ ಬಿರಿಯುವಂತಾಗಿ, ಕಂಕುಳಲ್ಲಿ ಹಪ್ಪಳದ ಕಟ್ಟು ಹಿಡಿದು ಬೀದಿಗೆ ಬಂದೆ. ಗಿರಿಜ ಛತ್ರಿ ಹಿಡಿದು ಎದುರಿಗೆ ಓಡಿಬರುತ್ತಿದ್ದಳು.

"ರೀ, ಈಗ ಗೊತ್ತಾಯ್ತು! ಸೇರು ಇರೋದು ಪಾರ್ವತಕ್ಕನ ಮನೇಲೇ. ಇವತ್ತು ಅವರ ಮಗನ ಮದುವೆ ಅಲ್ವೇನ್ರೀ? ಹೊಸ ಸೊಸೆ ಒದ್ದು ಒಳಗೆ ಬರಕ್ಕೆ ನಮ್ಮ ಹಿತ್ತಾಳೆ ಸೇರನ್ನೇ ಇಡ್ತಿದಾರಂತೆ. ಹೆಣ್ಣುಗಂಡಿನ ಕಾರು ಬಂದಾಯ್ತಂತೆ, ನಡೀರಿ!"

ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರೆ. ಮದುಮಗಳು ಅದನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಅಕ್ಕಿ ಮನೆಯೊಳಗೆ ಚೆಲ್ಲಬೇಕು. ಅಕ್ಕಿಯ ಜೊತೆ ನಾನೂ ಚೆಲ್ಲುತ್ತೇನೆ! ಇಬ್ಬರೂ ಓಡಿದೆವು.

ಮಲ್ಲಪ್ಪನವರ ಮನೆ ಮುಂದೆ ಟಾರ್ಪಾಲಿನ ಚಪ್ಪರ, ಅದರಿಂದ ತೊಟ್ಟಿಕ್ಕುವ ಮಳೆ, ಕೆಳಗೆ ಕಿಕ್ಕಿರಿದ ಜನ. ಎಲ್ಲರ ಭುಜಗಳ ಸಂದಿಯಿಂದ ನನ್ನ ಸೇರು ಕಂಡಿತು. ಅಕ್ಕಿ ತೆಗೆಯದೆ ಹೊರಮೈಗಷ್ಟೇ ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ಚಿನ್ನದಂತೆ ಹೊಳೆಯುತ್ತಿತ್ತು. ಅಕ್ಕಿಯ ಮೇಲೊಂದು ಅಚ್ಚು ಬೆಲ್ಲ. ಆರತಿ ಮುಗಿದಿತ್ತು. ಮದುಮಗಳು ಸೀರೆಯ ನೆರಿಗೆ ಹಿಡಿದು ಕಾಲೆತ್ತಿದಳು.

"ನಿಲ್ಲಿಸಿ!"

ಕೂಗಿದವನು ನಾನೇ. ಮದುವೆ ಮನೆಯಲ್ಲಿ "ನಿಲ್ಲಿಸಿ" ಎಂದು ಕೂಗಿದರೆ ಅದಕ್ಕೆ ನಮ್ಮ ದೇಶದಲ್ಲಿ ಒಂದೇ ಅರ್ಥ. ವಾಲಗ ನಿಂತಿತು. ವಿಡಿಯೋದವನು ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದ. ಜನ ಸರಿದು ದಾರಿ ಬಿಟ್ಟರು. ಹಪ್ಪಳದ ಕಟ್ಟು ಹಿಡಿದ ನಾನು ಎಲ್ಲರ ನಡುವೆ ಒಬ್ಬನೇ ನಿಂತಿದ್ದೆ.

ಮಲ್ಲಪ್ಪನವರ ಮುಖ ಬಿಗಿಯಿತು. "ಏನ್ ಮೇಷ್ಟ್ರೇ? ಏನಾದ್ರೂ ಇದ್ರೆ ಈಗ್ಲೇ ಹೇಳ್ಬುಡಿ."

ಆಗ ಮದುಮಗಳ ಮುಖ ನೋಡಿದೆ. ಕೊಡ್ಲಿಪೇಟೆಯ ಸಿಂಧು, ನನ್ನ ಹಳೇ ವಿದ್ಯಾರ್ಥಿನಿ! ಎತ್ತಿದ ಕಾಲು ಎತ್ತಿಯೇ ಇತ್ತು. "ಸಾರ್... ಅದು ಹಳೇ ವಿಷ್ಯ ಅಲ್ವಾ ಸಾರ್?"

"ಯಾವ ಹಳೇ ವಿಷ್ಯ?" ಪಾರ್ವತಕ್ಕ ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅತ್ತುಕೊಂಡು ಒಪ್ಪಿಕೊಂಡುಬಿಟ್ಟಳು. "ಗಣಿತದ ಪರೀಕ್ಷೆಲಿ ಕಾಪಿ ಹೊಡ್ದಿದ್ದೆ ಅತ್ತೆ. ಸಾರ್ ಹಿಡ್ದಿದ್ರು. ಯಾರಿಗೂ ಹೇಳಲ್ಲ ಅಂದಿದ್ರು!"

ಚಪ್ಪರವೆಲ್ಲ ನನ್ನನ್ನು ಕೆಟ್ಟ ಕಣ್ಣಿನಿಂದ ನೋಡಿತು. ಕಾಪಿ ಹೊಡೆದದ್ದಕ್ಕೆ ಮದುವೆ ನಿಲ್ಲಿಸಲು ಬಂದ ಮೇಷ್ಟ್ರು! "ಛೆ ಛೆ, ಅದಲ್ಲಮ್ಮ!" ಎಂದೆ. ಆಗಲೂ ಸತ್ಯ ಹೇಳಬಹುದಿತ್ತು. ಆದರೆ ನಿನ್ನೆಯ ಭಾಷಣ ಗಂಟಲಲ್ಲಿ ಅಡ್ಡ ಕೂತಿತ್ತು. "ಕಾಲು... ಕಾಲಮ್ಮ. ಎಡಗಾಲು ಎತ್ತಿದ್ದೀಯ. ಬಲಗಾಲು ಎತ್ತಬೇಕು."

ಎಲ್ಲರೂ ಕಾಲು ನೋಡಿದರು. ಬಲಗಾಲೇ!

"ಸಾರ್, ಇದು ಬಲಗಾಲು," ಎಂದಳು ಸಿಂಧು. ಅವಳ ಅಳು ನಿಂತು ಕೋಪ ಬಂದಿತ್ತು. ಆ ಕೋಪವನ್ನೆಲ್ಲ ಅವಳು ಸೇರಿನ ಮೇಲೆ ತೀರಿಸಿಕೊಂಡಳು. ಮೆಲ್ಲಗೆ ತಾಗಿಸಿದರೆ ಸಾಕಿತ್ತು. ಕೊಡಗಿನ ಹುಡುಗಿ, ಮೈದಾನದಲ್ಲಿ ಆಡಿ ಬೆಳೆದವಳು! ಸೇರು ಠಣ್ ಎಂದು ಹಾರಿ ನಡುಮನೆಯ ಗೋಡೆಗೆ ಬಡಿಯಿತು. ಅಕ್ಕಿ ಮಳೆಯಂತೆ ಸುರಿಯಿತು. ಅದರ ನಡುವಿಂದ ನನ್ನ ಪಾಸ್‌ಪೋರ್ಟ್ ನೆಲದ ಮೇಲೆ ಜಾರಿಕೊಂಡು ಹೋಗಿ, ಜಗಲಿ ಬಾಗಿಲಿನಿಂದ ಒಳಬಂದು ಸೋಫಾದಲ್ಲಿ ಕೂತಿದ್ದ ಬೀಗರ ಕಾಲಬುಡದಲ್ಲಿ ನಿಂತಿತು.

ಬೀಗರು ಬಗ್ಗಿ ಎತ್ತಿಕೊಂಡರು. ಕವರಿನಿಂದ ತೆಗೆದು, ಬಿಡಿಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಯಾರೋ ಇದು, ಕಳ್ಳನ ಥರ ಇದಾನೆ?"

"ನಮ್ಮನೆಯೋರು," ಎಂದಳು ಗಿರಿಜ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಬೂಷ್ಟು, ಅಕ್ಕಿ, ಅಟ್ಟ, ಆಜ್ಞೆ, ಎರಡು ಅಡುಗೆಮನೆಗಳ ನಿಟ್ಟುಸಿರು, ಎಲ್ಲವನ್ನೂ ಗಿರಿಜಳೇ ಸವಿಸ್ತಾರವಾಗಿ ಸಭೆಗೆ ಅರಿಕೆ ಮಾಡಿದಳು. ನಗೆ ಮೊದಲು ಚಪ್ಪರದ ಹಿಂದಿನ ಸಾಲಿನಿಂದ ಶುರುವಾಯಿತು. ಆಮೇಲೆ ಯಾರಿಗೂ ಹಿಡಿತವಿರಲಿಲ್ಲ. ನನ್ನ ಹಿಂದೆಯೇ ಬಂದಿದ್ದ ನೀಲಕ್ಕ ಮಾತ್ರ ನಗಲಿಲ್ಲ. "ಅಲ್ಲೋ, ನೀನು ನನ್ನ ಕಾಫಿಗೆ ಅತ್ತಿದ್ದಲ್ವಾ?" ಎಂದರು. "ಕ್ಷಮಿಸಿ ನೀಲಕ್ಕ, ಕಾಫಿ ಮಾತ್ರ ನಿಜವಾಗಿ ಚೆನ್ನಾಗಿತ್ತು," ಎಂದೆ.

ಪಾಸ್‌ಪೋರ್ಟ್ ಕೈಗೆ ಬಂದಾಗ ಎದೆಗೊತ್ತಿಕೊಂಡೆ. ನಾಚಿಕೆಯಿಂದ ಸಾಯುವಂತಾಗಿದ್ದರೂ ಸಂತೋಷದಿಂದ ಕಣ್ಣು ತುಂಬಿತ್ತು. ಎಲ್ಲೂ ಒಂದಿಷ್ಟೂ ಬೂಷ್ಟಿರಲಿಲ್ಲ. ವಿಜ್ಞಾನ ಸುಳ್ಳಾಗಲಿಲ್ಲ ಎಂದು ಹೇಳಲು ಹೊರಟೆ. ಗಿರಿಜ ಕಣ್ಣು ಬಿಟ್ಟದ್ದರಿಂದ ಸುಮ್ಮನಾದೆ.

ಪಾರ್ವತಕ್ಕನ ಮುಖ ಮಾತ್ರ ಸಪ್ಪಗಾಗಿತ್ತು. ಸೊಸೆಯ ಮೊದಲ ಹೆಜ್ಜೆಯಲ್ಲೇ ಹೀಗಾಯಿತಲ್ಲ ಎಂದು. ಆಗ ಮನೆಯ ಹಿರಿಯಜ್ಜಿ ಗೋಡೆ ಹಿಡಿದು ಎದ್ದರು. "ಯಾಕ್ ಹೆದ್ರ್ಕಂತೀಯೇ? ಹಡಗು, ಇಮಾನ ಹತ್ತೋ ಯೋಗ ಅಕ್ಕಿಲೇ ಬಂದೈತೆ. ಮೇಷ್ಟ್ರು ಸೇರಲ್ಲಿ ಕೂತು ಬಂದು ಹೇಳವ್ರೆ." ಅಷ್ಟು ಸಾಕಾಯಿತು. ವಾಲಗ ಮತ್ತೆ ಶುರುವಾಯಿತು. ಗಂಡು ಹೆಣ್ಣಿನ ಮುಖ ನೋಡಿ ನಕ್ಕ. ಸಿಂಧು ಕೂಡ ಕಣ್ಣೊರೆಸಿಕೊಂಡು ನಕ್ಕಳು.

ಹೊರಡೋಣವೆಂದರೆ ವಿಡಿಯೋದವನು ಅಡ್ಡ ನಿಂತ. "ಸಾರ್, ಒಂದ್ನಿಮಿಷ. ನಾನು ಕ್ಯಾಮೆರಾ ನಿಮ್ಮ ಕಡೆ ತಿರುಗ್ಸಿದ್ದೆ, ಒದ್ದಿದ್ದು ಸಿಗ್ಲಿಲ್ಲ. ಇನ್ನೊಂದ್ಸಲ ಅಕ್ಕಿ ತುಂಬಿ ಒದೀಲಿ. ಪಾಸ್‌ಪೋರ್ಟ್ ಕೊಡಿ, ಒಳಗೆ ಇಟ್ರೇನೇ ಚೆಂದ."

ಕೊಟ್ಟೆ! ಮದುವೆ ನಿಲ್ಲಿಸಲು ಹೋದವನಿಗೆ ಇಲ್ಲ ಅನ್ನುವ ಬಾಯಿ ಎಲ್ಲಿರುತ್ತದೆ? ಸಿಂಧು ಈ ಸಲ ಇನ್ನೂ ಜೋರಾಗಿ ಒದ್ದಳು. ಸಂಜೆಯೊಳಗೆ ಆ ದೃಶ್ಯ ಊರಿನ ಎಲ್ಲರ ಮೊಬೈಲಿಗೂ ಬಂದಿತ್ತು. ರಾತ್ರಿ ಮಡಿಕೇರಿಯಿಂದ ನನ್ನ ಷಡ್ಡಕ ಫೋನ್ ಮಾಡಿ ಬರೀ ನಕ್ಕು ಇಟ್ಟ.

ಇರಲಿ, ಊರು ಬಿಟ್ಟರಾಯಿತು ಎಂದುಕೊಂಡೆ. ವಿಮಾನ ಏರಿದಾಗ ಎದೆ ಹಗುರಾಯಿತು. ಕೆಳಗೆ ಬರೀ ನೀಲಿ ಸಮುದ್ರ. ಸೇರು ಎಂದರೆ ಏನೆಂದೇ ಗೊತ್ತಿಲ್ಲದ ಜನ. ಇಲ್ಲಿ ನಾನು ಹೊಸಬ, ಗಂಭೀರ, ಮಿತಭಾಷಿ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕನ್ನಡಕ ಸರಿಪಡಿಸಿಕೊಂಡು, ಶಾಲೆಯ ಗೇಟು ದಾಟಿದೆ. ಅಂಗಳದಲ್ಲಿದ್ದ ಮಕ್ಕಳು ದಾರಿ ಬಿಟ್ಟು ನಿಂತು "ಗುಡ್ ಮಾರ್ನಿಂಗ್ ಸಾರ್" ಎಂದರು. ಎಷ್ಟು ದಿನದ ಮೇಲೆ ಕೇಳಿದ ಮಾತು! ಬೆನ್ನು ತಾನಾಗಿ ನೆಟ್ಟಗಾಯಿತು. ತಲೆ ಮಾತ್ರ ಅಲುಗಿಸಿ ಮುಂದೆ ನಡೆದೆ.

ಆಫೀಸಿನಲ್ಲಿ ಪ್ರಿನ್ಸಿಪಾಲರು ಎದ್ದು ಕೈಕುಲುಕಿದರು. ದಾಖಲೆಗೆ ಪಾಸ್‌ಪೋರ್ಟ್ ಬೇಕು ಎಂದರು. ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಒಬ್ಬ ಟೀಚರ್ ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಕೆಂಪು ಪೆನ್ನು ಕೆಳಗಿಟ್ಟು, ಅಚ್ಚ ಹಾಸನದ ಕನ್ನಡದಲ್ಲಿ ಬಹಳ ವಿನಯದಿಂದ ಕೇಳಿದರು.

"ಹಂಗೇ ಕೊಡ್ತೀರಾ ಸಾರ್, ಇಲ್ಲಾ ಯಾರಾದ್ರೂ ಒದೀಬೇಕಾ?"

ಮಾಲ್ಡೀವ್ಸ್ ದೇಶದಲ್ಲಿ ನಾನು ಗಂಭೀರ ಮೇಷ್ಟ್ರಾಗಿ ಬಾಳಿದ್ದು ಗೇಟಿನಿಂದ ಆಫೀಸಿನವರೆಗೆ.